ಸಂಬಳಕ್ಕೆ ಸಿಟ್ಟಾಗುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯಲ್ಲಿ ಒಲೆಯ ಮೇಲೆ ಚಹಾ ಕುದಿಯುತ್ತಿದೆ, ಪಕ್ಕದಲ್ಲಿ ನಿಂತ ಈಕೆಯೂ. "ಏನ್ರೀ ಇದು? ಕೊಟ್ಟಿದ್ದು ಹೊಸ ಅಂಗಿ, ಬಂದಿದ್ದು ನೆಲ ಒರೆಸೋ ಬಟ್ಟೆ!" ಎಂದು ಇಸ್ತ್ರಿಯ ಸುಟ್ಟ ಗುರುತಿರುವ ಅಂಗಿಯೊಂದನ್ನು ಗಂಡನ ಮುಖಕ್ಕೆ ಹಿಡಿಯುತ್ತಾರೆ. ಟೈಲರ್ ಕೆಲಸದ ಗಂಡ ಬಿಸ್ಕತ್ತು ಅದ್ದುತ್ತಲೇ, "ಇವತ್ತು ಯಾಕೋ ಸ್ವಲ್ಪ ಕಮ್ಮಿ ಆಯ್ತು ಕಣೇ" ಎನ್ನುತ್ತಾರೆ. ಕಮ್ಮಿಯಾದದ್ದು ಸಿಟ್ಟು; ಇದು ಕೆಲಸಕ್ಕೆ ಹೊರಡುವ ಮುಂಚಿನ ತಾಲೀಮು.

ಗದರುವುದೇ ಈಕೆಯ ಕೆಲಸ. ಬೇರೆ ಕಡೆಯಿಂದ ಬಂದು ಈ ಊರಿನ ಮಾತು ಕಲಿತವರಿಗೆ ನಡೆಯುವ ಮೌಖಿಕ ಪರೀಕ್ಷೆಯಲ್ಲಿ ಎದುರು ಕುರ್ಚಿ ಈಕೆಯದು. ಒಂದು ಸನ್ನಿವೇಶದಲ್ಲಿ ಅಭ್ಯರ್ಥಿ ಇದೇ ಅಂಗಿ ಸುಟ್ಟ ಇಸ್ತ್ರಿಯವರು. ಕ್ಷಮೆ ಕೇಳಿ ಈಕೆಯನ್ನು ಸಮಾಧಾನ ಮಾಡಬೇಕು. ಇನ್ನೊಂದರಲ್ಲಿ ಈಕೆ ಮಹಡಿ ಮನೆಯ ಮೊಂಡು ಹೆಂಗಸು; ನಿಮ್ಮ ನಲ್ಲಿ ಸೋರಿ ನಮ್ಮ ಮನೆ ನೆನೆಯುತ್ತಿದೆ ಎಂದು ಅಭ್ಯರ್ಥಿ ದೂರಬೇಕು. ಮೂಲೆಯಲ್ಲಿ ಕೂತ ಇಬ್ಬರು ಪರೀಕ್ಷಕರು ಅಂಕ ಹಾಕುವ ಮುನ್ನ ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ಮನಸ್ಸಿಗೆ ತಟ್ಟಿತಾ?" ಫಲಿತಾಂಶದ ಹಾಳೆಯಲ್ಲಿ ಈಕೆಯ ಹೆಸರು ಇರುವುದಿಲ್ಲ. ಜೊತೆಯವರ ಬಾಯಲ್ಲಿ 'ಜಗಳದಕ್ಕ', ಅಷ್ಟೇ.

"ವ್ಯಾಕರಣ ಅವರು ನೋಡ್ಕೋತಾರೆ. 'ದಯವಿಟ್ಟು ಕ್ಷಮಿಸಿ' ಅಂತ ಬಾಯಿಪಾಠ ಒಪ್ಪಿಸಿ ಸುಮ್ನೆ ಕೂತ್ರೆ ನನ್ನ ಸಿಟ್ಟು ಇಳಿಯುತ್ತಾ? ಅಂಗಿಗೆ ಏನು ಮಾಡ್ತೀರಿ ಅದನ್ನ ಹೇಳಿ ಅಂತೀನಿ."

ಹಿಂದೆ ಬಸ್ ಡಿಪೋದಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯಲ್ಲಿದ್ದರು. "ಅಲ್ಲಿ ತಿಂದ ಬೈಗುಳಾನೆಲ್ಲ ಇಲ್ಲಿ ಬಡ್ಡಿ ಸಮೇತ ತೀರಿಸ್ತಿದೀನಿ" ಎಂದು ನಗುತ್ತಾರೆ. ದಿನಕ್ಕೆ ಇಪ್ಪತ್ತು ಜನ. ಸಂಜೆಗೆ ಗಂಟಲು ಕಟ್ಟಿ, ಮನೆಯಲ್ಲಿ ಕೈಸನ್ನೆಯಲ್ಲೇ ಸಂಸಾರ. ಆದರೂ ಕೊನೆಯವರಿಗೂ ಮೊದಲಿನವರಷ್ಟೇ ಗದರಬೇಕು. ಒಬ್ಬರಿಗೆ ಮೆತ್ತಗಾದರೆ ಇನ್ನೊಬ್ಬರಿಗೆ ಅನ್ಯಾಯ.

ಅದೆಷ್ಟು ಕಷ್ಟವೆಂದು, ಈಕೆಯ ಬಗ್ಗೆ ಬರೆಯಲು ಪರೀಕ್ಷಾ ಕೇಂದ್ರಕ್ಕೂ ಜೊತೆಗೆ ಬಂದ ನಾನು ಇವತ್ತು ಕಣ್ಣಾರೆ ಕಾಣುತ್ತೇನೆ. ಹೊರಗಿನ ಬೆಂಚಿನಲ್ಲಿ ಆಸ್ಪತ್ರೆಯ ಎಳೆಯ ಆಯಾ ಒಬ್ಬಳು ಕೂತಿದ್ದಾಳೆ. ಎರಡು ಸಲ ನಪಾಸು. ಈ ಸಲವೂ ತಪ್ಪಿದರೆ ಕೆಲಸ ಹೋಗುತ್ತದೆ. ವಾರ್ಡಿನಲ್ಲಿ ಏನಾದರೂ ಎಡವಟ್ಟಾದರೆ ದೊಡ್ಡವರೆದುರು ನಿಂತು ಹೇಳುವವಳು ಆಸ್ಪತ್ರೆಗೆ ಬೇಕು. ಕ್ಷಮೆ ಕೇಳುವುದರಲ್ಲಿ ಇವಳದು ಎತ್ತಿದ ಕೈ, ದೂರುವುದೇ ಬಾರದು. ಹೋದ ಸಲ ಜಗಳದಕ್ಕ "ಸೋರಿದ್ರೆ ಬಕೆಟ್ ಇಟ್ಕೊಳ್ರೀ" ಎಂದದ್ದೇ ತಡ, "ಆಯ್ತಕ್ಕ, ಇಟ್ಕೋತೀನಿ. ತೊಂದ್ರೆ ಕೊಟ್ಟೆ, ಕ್ಷಮಿಸಿ" ಎಂದು ಎದ್ದುಬಿಟ್ಟಿದ್ದಳು. ಒಂದೂ ತಪ್ಪಿಲ್ಲದ ಮಾತು, ಸಿಕ್ಕಿದ್ದು ಸೊನ್ನೆ.

"ಅವತ್ತು ನಂಗೆ ಊಟ ಸೇರ್ಲಿಲ್ಲ" ಎನ್ನುತ್ತಾ ಜಗಳದಕ್ಕ ಒಳಗೆ ಹೋಗುತ್ತಾರೆ. ನನಗೂ ಒಂದು ಸ್ಟೂಲು ಸಿಗುತ್ತದೆ. ಆಯಾಳ ಸರದಿ ಬರುತ್ತದೆ.

"ಬಕೆಟ್ ಇಟ್ಕೊಳ್ರೀ!" ಅದೇ ಗುಡುಗು, ಒಂದೆಳೆ ಕಡಿಮೆಯಿಲ್ಲ.

ಈ ಸಲ ಆಯಾ ಕುರ್ಚಿ ಬಿಟ್ಟೇಳುವುದಿಲ್ಲ. "ಇಟ್ಟಿದೀನಿ ಅಕ್ಕ. ಬೆಳಗ್ಗಿಂದ ಚೆಲ್ಲಿ ಚೆಲ್ಲಿ ಕೈ ಸೋತೋಯ್ತು. ಮಗು ಹಾಸಿಗೆ ನೆಂದಿದೆ. ನೀವೇ ಬಂದು ನೋಡಿ."

"ನಂಗೆ ಪುರುಸೊತ್ತಿಲ್ಲ."

"ಪರವಾಗಿಲ್ಲ. ನೀವು ಬರೋವರೆಗೂ ಇಲ್ಲೇ ನಿಂತಿರ್ತೀನಿ."

ಪರೀಕ್ಷಕರು ಕೇಳುವ ಮೊದಲೇ ಜಗಳದಕ್ಕ "ತಟ್ಟಿತು" ಎಂದುಬಿಡುತ್ತಾರೆ. ನನಗಂತೂ ಶಿಳ್ಳೆ ಹಾಕಬೇಕೆನಿಸುತ್ತದೆ.

ಮಧ್ಯಾಹ್ನದ ಬಿಡುವಿನಲ್ಲಿ ಬೆಳಗಿನವರ ಫಲಿತಾಂಶ ಬರುತ್ತದೆ. ಪಾಸಾದ ಆಯಾ ಮನೆಗೆ ಓಡುವುದಿಲ್ಲ, ಜಗಳದಕ್ಕನಿಗಾಗಿ ಬಾಗಿಲಲ್ಲೇ ಕಾಯುತ್ತಾಳೆ.

"ಅಕ್ಕಾ, ಒಂದು ಮಾತು. ಹೋದ ಸಲ ನಾನು ಅಳ್ತಾ ಹೊರಗೆ ಕೂತಿದ್ದೆ. ನೀವು ಪಕ್ಕದಲ್ಲೇ ಹೋದ್ರಿ, ತಿರುಗಿ ಕೂಡ ನೋಡ್ಲಿಲ್ಲ. ಪರೀಕ್ಷೆ ಮುಗಿದಿತ್ತಲ್ಲ? ನಂಗೆ ತುಂಬ ಬೇಜಾರಾಯ್ತು."

ಇದು ನಿಜವಾದ ದೂರು. ಇಷ್ಟು ವರ್ಷ ಬಂದವರ ಕ್ಷಮೆಯನ್ನೆಲ್ಲ ತೂಗಿದ ಜಗಳದಕ್ಕ ಸುಟ್ಟ ಅಂಗಿಯನ್ನು ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ.

"ತಪ್ಪಾಯ್ತು ಕಣಮ್ಮ. ನಿನ್ನ ನೋಡಿದ್ರೆ ನಾನೂ ಅತ್ತುಬಿಡ್ತಿದ್ದೆ, ಆಮೇಲೆ ಮುಂದಿನವರಿಗೆ ಗದರೋಕೆ ಆಗ್ತಿರ್ಲಿಲ್ಲ. ಆದ್ರೂ ತಪ್ಪೇ. ಬಾ, ಚಹಾ ಕುಡಿಸ್ತೀನಿ." ಆಮೇಲೆ ಅಳುಕುತ್ತಲೇ ಕೇಳುತ್ತಾರೆ, "ತಟ್ಟಿತಾ?"

ಆಯಾ ಪರೀಕ್ಷಕರ ಹಾಗೆ ಹುಬ್ಬು ಗಂಟಿಕ್ಕಿ ಯೋಚಿಸುತ್ತಾಳೆ.

"ತಟ್ಟಿತು ಅಕ್ಕ. ಆದ್ರೆ ಬರೀ ಚಹಾ ಸಾಲಲ್ಲ. ಬಿಸ್ಕತ್ತೂ ಬೇಕು."