ಹಂಪ್ಸಿಗೆ ಬಾಗುತ್ತಿದ್ದ ಮಾವ

ನಮ್ಮ ಗುರುಶಾಂತಪ್ಪ ಮಾವ ದೇವರ ಮುಂದೆ ಬಾಗಿದ್ದನ್ನು ನಾನು ಕಂಡವನಲ್ಲ. ಗುಡಿಗೆ ಹೋದರೂ ನಿಂತಲ್ಲೇ ಎರಡು ಕೈ ಎದೆಯ ತನಕ ಎತ್ತಿ, ಸರೀಕನಿಗೆ ಶರಣು ಹೇಳಿದ ಹಾಗೆ ಹೇಳಿ ಹೊರಬೀಳುತ್ತಿದ್ದ. ಆದರೆ ರಸ್ತೆಯ ಹಂಪ್ಸಿನ ಮುಂದೆ ಅವನು ಬಾಗಿದ್ದನ್ನು ತಿಳವಳ್ಳಿಯಿಂದ ಹಾನಗಲ್ಲಿನವರೆಗೆ ನೋಡದವರಿಲ್ಲ. ಕಾರು ನಿಲ್ಲಿಸಿ, ಬಿಳಿ ಅಂಗಿಯ ತೋಳು ಮಡಚಿ, ಮಂಡಿಯೂರಿ, ಕೆನ್ನೆ ಡಾಂಬರಿಗೆ ತಾಗುವಷ್ಟು ಬಗ್ಗಿ, ಗಾಡಿಯ ತಳಕ್ಕೂ ರಸ್ತೆಯ ಉಬ್ಬಿಗೂ ನಡುವೆ ಎಷ್ಟು ಬೆಳಕು ಕಾಣುತ್ತದೆಂದು ಪರೀಕ್ಷಿಸುತ್ತಿದ್ದ. ಆಮೇಲೆ ಎದ್ದು ಮಂಡಿ ಝಾಡಿಸಿಕೊಂಡು ಒಂದೇ ಮಾತು ಹೇಳುತ್ತಿದ್ದ: “ಇಳೀರಿ.”

ನಾವು ಇಳಿಯುತ್ತಿದ್ದೆವು. ಭಾರ ಕಳೆದುಕೊಂಡ ಗಾಡಿ ಎರಡು ಬೆರಳು ಮೇಲೇಳುತ್ತಿತ್ತು. ಮಾವ ಅದನ್ನು ಓರೆಯಾಗಿ, ಉಸಿರು ಹಿಡಿದು ದಾಟಿಸುತ್ತಿದ್ದ. ನಾವು ಹಿಂದಿನಿಂದ ನಡೆದು ಹೋಗಿ ಮತ್ತೆ ಹತ್ತುತ್ತಿದ್ದೆವು. ಒಮ್ಮೆ ಹಿರೇಕೆರೂರಿನ ಬೀಗರನ್ನೂ, ಅಂದರೆ ಮಗಳನ್ನು ಕೊಟ್ಟ ಮನೆಯವರನ್ನೂ, ರೇಷ್ಮೆ ಸೀರೆ, ಜರತಾರಿ ಪಟಗದ ಸಮೇತ ಇಳಿಸಿದ್ದ. ನಾಲ್ಕನೆಯ ಹಂಪ್ಸಿಗೆ ಬೀಗರ ತಾಳ್ಮೆ ಮುಗಿಯಿತು.

“ನಡಕೊಂತ ಬಂದಿದ್ರ ಇಷ್ಟೊತ್ತಿಗೆ ಮುಟ್ಟತಿದ್ವಲ್ರಿ ಬೀಗರ.”

“ಗಾಡಿ ಇದ್ದವ್ರು ನಡಕೊಂತ ಬಂದ್ರ ಮಂದಿ ಏನಂದಾರ್ರಿ?” ಎಂದ ಮಾವ. ಅವನ ಮಟ್ಟಿಗೆ ಅದು ತಮಾಷೆಯಲ್ಲ, ನಿಜವಾದ ಪ್ರಶ್ನೆ.

ತಿಳವಳ್ಳಿಯಲ್ಲಿ ಮಾವನದೊಂದು ಅಕ್ಕಿ ಗಿರಣಿ. ಹುಬ್ಬಿನ ಮೇಲೆ ಸದಾ ತೌಡಿನ ಧೂಳು ಕೂತಿರುತ್ತಿತ್ತು. ತಲೆ ನರೆಯುವವರೆಗೂ ಅದೇ ಹಳೇ ಮೋಟರ್ ಸೈಕಲ್ಲಿನಲ್ಲಿ ಓಡಾಡಿದವನು, ಮಗಳ ಮದುವೆಯಾದ ಮೇಲೆ ಕಾರಿನ ಹುಚ್ಚು ಹಿಡಿಸಿಕೊಂಡ. ಹೊಸ ಕಾರು ಬೇಡವಂತೆ. “ಹೊಸಾದು ತಂದ್ರ ಹೊಸಾ ಸಾವ್ಕಾರ ಅಂತಾರೋ. ಹಳೇದಾದ್ರೂ ದೊಡ್ಡದು ತಂದ್ರ ಹಳೇ ಸಾವ್ಕಾರ ಅಂತಾರ” ಎನ್ನುತ್ತಿದ್ದ. ಹಳೆಯದರಲ್ಲಿ ಎರಡು ಬಗೆ ಅವನ ಕಣ್ಣಿಗೆ ಬಿದ್ದಿದ್ದವು. ಒಂದು, ದೊಡ್ಡ ಮಂದಿ ಬಳಸಿ ಬಿಟ್ಟ ಉದ್ದನೆಯ ಸೆಡಾನ್. ಇನ್ನೊಂದು, ಎತ್ತರದ ಎಸ್‌ಯುವಿ. ಇವೆರಡರ ನಡುವೆ ಅವನು ಎಂಟು ತಿಂಗಳು ಒದ್ದಾಡಿದ. ಮಗಳಿಗೆ ಗಂಡು ಹುಡುಕುವಾಗ ಇದರ ಅರ್ಧ ಕೂಡ ವಿಚಾರಿಸಿರಲಿಲ್ಲ. ಹಿರೇಕೆರೂರಿನ ಬೀಗರು ಎತ್ತರದ್ದು ಒಳ್ಳೆಯದೆಂದರೆ ಮಾವ ಸೆಡಾನಿನ ಪರ ವಾದಿಸುತ್ತಿದ್ದ. ಹಾನಗಲ್ಲಿನ ಗೊಬ್ಬರದಂಗಡಿಯವರು ಸೆಡಾನ್ ಹೊಗಳಿದರೆ ಎಸ್‌ಯುವಿ ಕಡೆ ನಿಲ್ಲುತ್ತಿದ್ದ. ಶಿಗ್ಗಾವಿಯಲ್ಲಿ ಮಾಸ್ತರನಾದ ನನಗೆ ದಿನಾ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಫೋನು ಬರುತ್ತಿತ್ತು. ಅಕ್ಕನ ಮಗನಿಗೆ ಕಾರು ಓಡಿಸಲು ಬರುತ್ತದೆ, ಆದ್ದರಿಂದ ಎಂಜಿನ್ನಿನ ಒಳಗೂ ತಿಳಿಯುತ್ತದೆ ಎಂದು ಅವನ ನಂಬಿಕೆ.

ಕೊನೆಗೊಂದು ದಿನ ಮಾವ, ಅವನ ಹೆಂಡತಿ ಗಂಗತ್ತೆ, ನಾನು ಮೂವರೂ ಬಂಕಾಪುರದ ಹತ್ತಿರ ಹೈವೇ ಪಕ್ಕದಲ್ಲಿದ್ದ ಹಳೇ ಗಾಡಿಗಳ ಅಂಗಡಿಗೆ ಹೋದೆವು. ಅಂಗಡಿಯ ದಾದಾಪೀರ್ ಸವಣೂರಿನವನು. ಬಾಯಲ್ಲಿ ತನ್ನೂರಿನ ವೀಳ್ಯದೆಲೆ, ಮಾತಿನಲ್ಲಿ ತನ್ನೂರಿನ ನಯ. ಕರೀ ಸೆಡಾನ್, ಬಿಳೀ ಎಸ್‌ಯುವಿ ಎರಡನ್ನೂ ತೊಳೆದು ಅಕ್ಕಪಕ್ಕ ನಿಲ್ಲಿಸಿದ್ದ.

“ಇದು ನವಾಬರು ಕುಂದ್ರೋ ಗಾಡಿರಿ ಸಾವ್ಕಾರ್ರ. ಅದು ಫೌಜು ಕುಂದ್ರೋ ಗಾಡಿ. ನಿಮಗ ಯಾವ್ದು ಬೇಕು, ನೀವ ಹೇಳ್ರಿ.”

ಮಾವ ಎಂಜಿನ್ ನೋಡಲಿಲ್ಲ, ಟೈರು ನೋಡಲಿಲ್ಲ. ಎರಡರ ಬಾಗಿಲನ್ನೂ ತೆಗೆದು ಹಾಕಿ, ತೆಗೆದು ಹಾಕಿ, ಕಿವಿಗೊಟ್ಟು ಕೇಳಿದ. ಅತ್ತೆ ಮಾತ್ರ ಸೀದಾ ಬಿಳೀ ಗಾಡಿ ಹತ್ತಿ ಕೂತುಬಿಟ್ಟಳು.

“ಇಲ್ಲಿ ಕುಂತ್ರ ಹೊಲಾ ಎಲ್ಲಾ ಕಾಣ್ತಾವ್ರಿ! ಮುಂದ ನಾವಿಬ್ರು. ನಡುವ ಮಗಳು, ಅಳಿಯಾರು. ಹಿಂದ ಓಣಿ ತುದಿ ಫಕ್ಕೀರಪ್ಪನ ಹೇಣ್ತಿ, ಅವನ ಸೊಸಿ. ಸಣ್ಣಾಕಿ, ಸರದು ಕುಂದರತಾಳ. ಮತ್ತ ಗುರವರ ನಿಂಗವ್ವ, ಆಕೀಗೂ ಒಮ್ಮಿ ರಟ್ಟೀಹಳ್ಳಿ ಕದಂಬೇಶ್ವರನ ಗುಡಿ ನೋಡೂದೈತಿ…”

ಅತ್ತೆ ಖುಷಿಯಿಂದ ಒಂದೊಂದು ಹೆಸರು ಹೇಳಿದಂತೆ ಮಾವನ ಮುಖ ಒಂದೊಂದು ಹಿಡಿ ಇಳಿಯುತ್ತ ಬಂತು. ನನ್ನನ್ನು ಪಕ್ಕಕ್ಕೆ ಎಳೆದೊಯ್ದ.

“ಕೇಳಿದೇನೋ ಮಾಂತೇಶಾ? ಏಳು ಸೀಟಂದ್ರ ಏಳು ಮಂದಿ ಅಲ್ಲ, ಇಡೀ ಊರು. ಬಸುರಿ, ಬಾಣಂತಿ, ದವಾಖಾನಿ, ಲಗ್ನ, ಇಲೆಕ್ಷನ್ನು! ಈ ಕರೀದು ನೋಡು. ನೆಲಕ್ಕ ಹತ್ತಿಕೊಂಡೈತಿ. ಕೇಳಾಕ ಬಂದವ್ರಿಗೆ ‘ತಳಾ ಬಡೀತೈತಿ’ ಅಂದ್ರ ಮುಗೀತು.”

ಗಾಡಿಯ ಗುಣ ನೋಡಿ ಕೊಳ್ಳುವವರನ್ನು ಎಲ್ಲರೂ ಕಂಡಿದ್ದಾರೆ. ದೋಷ ನೋಡಿ ಕೊಂಡವನು ನಮ್ಮ ಮಾವನೊಬ್ಬನೇ. ನಾನೂ ಅವತ್ತು ನಕ್ಕು, “ಭಾರಿ ತಲಿ ಓಡಸೀರಿ ಮಾವಾ” ಎಂದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಅವನ ಲೆಕ್ಕಾಚಾರ ಸುಳ್ಳಾಗಲಿಲ್ಲ. ಲಗ್ನಕ್ಕೆ ಕೇಳಲು ಬಂದವರು ತಳದ ಕಥೆ ಕೇಳಿ ಹೋದರು. ಇಲೆಕ್ಷನ್ನಿನವರೂ ಹೋದರು. ಊರಿನಲ್ಲಿ ಅದಕ್ಕೆ ‘ಸಾವ್ಕಾರ್ರ ಪಲ್ಲಕ್ಕಿ’ ಎಂದು ಹೆಸರು ಬಿತ್ತು. ಹೊಗಳಿಕೆ ಎಂದುಕೊಂಡು ಮಾವ ಮೀಸೆಯಲ್ಲೇ ನಕ್ಕ.

ಆಮೇಲೆ ಫಕ್ಕೀರಪ್ಪ ಬಂದ. ಮಾವನ ಓಣಿಯ ತುದಿಯಲ್ಲೇ ಅವನ ಮನೆ. ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಶ್ರಾವಣದ ಒಂದು ಬೆಳಿಗ್ಗೆ, ರಜೆಯೆಂದು ನಾನೂ ಅಲ್ಲೇ ಇದ್ದೆ. ಮಾವ ಹಳದಿ ಬಟ್ಟೆ ಹಿಡಿದು ಗಾಡಿ ಒರೆಸುತ್ತಿದ್ದ.

“ಸಾವ್ಕಾರ್ರ, ಸೊಸಿಗೆ ಬ್ಯಾನಿ ಹತ್ಯಾವ್ರಿ. ಅಂಬುಲೆನ್ಸಿನವ್ರು ಬ್ಯಾರೆ ಕಡೆ ಹೋಗ್ಯಾರಂತ. ಟ್ರೇಲರ್‌ನಾಗ ಹಾಕ್ಕೊಂಡು ಹೋಗಾಕ ಧೈರ್ಯಾ ಆಗವಲ್ದು. ಹಾನಗಲ್ ಮಟಾ ಗಾಡಿ…”

“ಒಲ್ಲೆ ಅನ್ನಾಂಗಿಲ್ಲ ಫಕ್ಕೀರಪ್ಪ. ಆದ್ರ ದಾರಿತುಂಬ ಹಂಪ್ಸು, ತಳಾ ಬಡೀತೈತಿ. ಬ್ಯಾನಿ ತಿನ್ನಾಕಿನ್ನ ಒಂದೊಂದು ಹಂಪ್ಸಿಗೂ ಇಳಸಾಕ ಆಕ್ಕೈತೇನು, ನೀನ ಹೇಳು.”

ಹಾಗೆ ಹೇಳಿ ಮಾವ ಕನ್ನಡಿ ಒರೆಸತೊಡಗಿದ. ಫಕ್ಕೀರಪ್ಪ ಮತ್ತೊಮ್ಮೆ ಕೇಳಲಿಲ್ಲ. ಓಡಿದ. ನಾನು ಕೀಲಿ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಒಳಗಿನಿಂದ ಅತ್ತೆ ಹೆಗಲ ಮೇಲೊಂದು ಕೌದಿ ಹಾಕಿಕೊಂಡು ಹೊರಬಂದಳು. ನಮ್ಮಿಬ್ಬರನ್ನೂ ನೋಡಲಿಲ್ಲ. ರಸ್ತೆಗೆ ಹೋಗಿ, ಹಾನಗಲ್ ಸಂತೆಗೆ ಹೊರಟಿದ್ದ ತರಕಾರಿ ಟೆಂಪೋಕ್ಕೆ ಅಡ್ಡ ನಿಂತಳು. ಕೋಸಿನ ಚೀಲಗಳ ನಡುವೆ ಕೌದಿ ಹಾಸಿ, ಫಕ್ಕೀರಪ್ಪನ ಸೊಸೆಯ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು ಹೋದಳು. ಪುಣ್ಯಕ್ಕೆ ಆಸ್ಪತ್ರೆ ಮುಟ್ಟಿದ ಮೇಲೆಯೇ ಹೆರಿಗೆಯಾಯಿತು. ಹೆಣ್ಣು ಕೂಸು, ತಾಯಿ ಇಬ್ಬರೂ ಚೆನ್ನಾಗಿದ್ದರು. ಅತ್ತೆ ಸಂಜೆ ಬಸ್ಸಿಗೆ ಮರಳಿ ಬಂದಳು, ಅಡುಗೆ ಮಾಡಿದಳು, ಬಡಿಸಿದಳು.

ಅವತ್ತಿನಿಂದ ಅವಳು ಆ ಗಾಡಿ ಹತ್ತಲಿಲ್ಲ. ಜಗಳವಿಲ್ಲ, ಅಳುವಿಲ್ಲ. ಹಾನಗಲ್ಲಿಗೆ ಹೋಗಬೇಕಾದರೆ ಚೀಲ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದಳು. ಹೆಂಡತಿ ಬಸ್ಸಿನಲ್ಲಿ, ಗಂಡ ಕಾರಿನಲ್ಲಿ ಎಂದರೆ ಮಂದಿ ಏನೆಂದಾರು? ಅದಕ್ಕೆ ಮಾವ ಒಂದು ಉಪಾಯ ಕಂಡುಹಿಡಿದ. ಬಸ್ಸಿನ ಹಿಂದೆಯೇ ಕಾರು ಓಡಿಸಿಕೊಂಡು ಹೋಗತೊಡಗಿದ. ಮುಂದೆ ಧೂಳೆಬ್ಬಿಸುತ್ತ ಕೆಂಪು ಬಸ್ಸು, ಹಿಂದೆ ಖಾಲಿ ನವಾಬರ ಗಾಡಿ. ಬಸ್ಸು ಹಂಪ್ಸನ್ನು ಹಾರಿಸಿಕೊಂಡು ಹೋದರೆ ಮಾವ ಹಿಂದೆ ಬೀಳುತ್ತಿದ್ದ. ಆಗ ಕಂಡಕ್ಟರ್ ಕಿಟಕಿಯಿಂದ ನೋಡಿ, “ಅವ್ವಾರ, ನಿಮ್ಮ ಎಸ್ಕಾರ್ಟ್ ಹಿಂದ ಉಳೀತ್ರಿ, ನಿಂದರ್ಸೋಣೇನು?” ಎನ್ನುತ್ತಿದ್ದ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಅತ್ತೆ ನಗುತ್ತಿರಲಿಲ್ಲ.

ವರ್ಷ ಕಳೆದ ಮೇಲೆ ಒಂದು ದಿನ ನನ್ನೆದುರಿಗೇ ಮಾವ ಸೋತು ಕೇಳಿದ: “ಇದನ್ನ ಮಾರಿ ಆ ಬಿಳೀದು ತರ್ಲೇನು?”

“ಗಾಡಿ ಏನ್ ತಪ್ಪು ಮಾಡೇತ್ರಿ?” ಎಂದಳು ಅತ್ತೆ. “ಫಕ್ಕೀರಪ್ಪನ ಮನೀಗೆ ಹೋಗಿ, ತಪ್ಪಾತು ಅಂತ ಒಂದ್ ಮಾತು ಹೇಳಿ ಬರ್ರಿ. ಅವತ್ತ ಹತ್ತತೇನಿ, ಇದನ್ನ.”

ಓಣಿಯ ತುದಿಗೆ ಇನ್ನೂರು ಹೆಜ್ಜೆ. ಎಂಟು ತಿಂಗಳು ನಾಲ್ಕೂರು ತಿರುಗಿ ಗಾಡಿ ಹುಡುಕಿದವನಿಗೆ ಆ ಇನ್ನೂರು ಹೆಜ್ಜೆ ಮುಗಿಯಲಿಲ್ಲ.

ಮಾವನನ್ನು ನಾನು ಕೊನೆಯ ಸಲ ನೋಡಿದ್ದು ಈ ಬೇಸಿಗೆಯಲ್ಲಿ. ಗಾಡಿ ಶೆಡ್ಡಿನೊಳಗೇ ನಿಂತಿತ್ತು, ಎಂಜಿನ್ ನಡೆಯುತ್ತಿತ್ತು. ಮಾವ ಒಳಗೆ ಎಸಿ ಹಾಕಿಕೊಂಡು ಪೇಪರು ಓದುತ್ತಿದ್ದ. “ಬಾರೋ, ಒಳಗ ತಂಪೈತಿ” ಎಂದು ಅತ್ತೆ ಕೂರಬೇಕಿದ್ದ ಸೀಟು ತಟ್ಟಿದ. ನಾನು ಕೂತ ಮೇಲೆ ತಾನೇ ಮಾತು ತೆಗೆದ.

“ನಾಕ್ ಸಲ ಹೊಂಟಿದ್ದೆ ನೋಡು, ಫಕ್ಕೀರಪ್ಪನ ಮನೀಗೆ. ಅವನ ಬಾಗಲ ಮುಂದನ ಹೊಸಾ ಹಂಪ್ಸ್ ಹಾಕ್ಯಾರ.”

“ಒಬ್ರ ಇದ್ರ ತಳಾ ಬಡಿಯಂಗಿಲ್ಲಲ್ರಿ ಮಾವಾ.”

ಅವನು ಕನ್ನಡಿ ಸರಿಮಾಡಿದ.

“ಹಂಗಾರ ನಡಕೊಂತ ಹೋಗ್ರಿ” ಎಂದೆ.

“ಗಾಡಿ ಇಟಗೊಂಡು ನಡಕೊಂತ ಹೋದ್ರ ಮಂದಿ…” ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ. ಆಮೇಲೆ ಪೇಪರು ಮಡಚುತ್ತ, “ಆ ಕೂಸು ನಡ್ಯಾಕತ್ತೇತಿ. ಮೊನ್ನೆ ನಮ್ಮ ಕಟ್ಟಿ ಮಟಾ ಬಂದಿತ್ತು” ಎಂದ. ನನಗೆ ಸಿಟ್ಟೂ ಬಂತು, ಮರುಕವೂ ಬಂತು. ಕೈ ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ಶಿಗ್ಗಾವಿ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಮಳೆಗಾಲ ಹಿಡಿದ ಹೊಸತರಲ್ಲಿ ಮಾವ ಗಿರಣಿಯ ಕುರ್ಚಿಯಲ್ಲಿ ಕೂತವನು ಕೂತ ಹಾಗೆಯೇ ಹೋದ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಮೆರವಣಿಗೆಯಲ್ಲಿ ಒಯ್ಯುತ್ತೇವೆ. ಅಷ್ಟುದ್ದದ ಗಾಡಿ ಅದರ ಧಣಿಯ ಕೊನೆಯ ಪಯಣಕ್ಕೆ ಉಪಯೋಗಕ್ಕೆ ಬರಲಿಲ್ಲ. ಯಾರೂ ಹೇಳಿಕಳಿಸಿರಲಿಲ್ಲ. ಫಕ್ಕೀರಪ್ಪ ತಾನೇ ಟ್ರೇಲರ್ ತೊಳೆದು, ನಾಲ್ಕು ಮೂಲೆಗೆ ಬಾಳೆಕಂಬ ಕಟ್ಟಿ, ತಂದು ಬಾಗಿಲಿಗೆ ನಿಲ್ಲಿಸಿದ. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮಾವನನ್ನು ಕೂರಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿದರು. ಟ್ರ್ಯಾಕ್ಟರ್ ಹೊರಟಿತು. ಎಲ್ಲರೂ ನಡೆಯತೊಡಗಿದಾಗ ಅತ್ತೆ ಮಾತ್ರ ಶೆಡ್ಡಿನ ಮುಂದೆ ನಿಂತಿದ್ದಳು.

“ಮಾಂತೇಶಾ, ಗಾಡಿ ತಗಿ.”

“ಅತ್ತಿ…”

“ಬಸ್ಸಿನ ಹಿಂದ ಎಷ್ಟು ತಿರುಗಿದ್ರು, ಪಾಪ. ಇವತ್ತ ನಾ ಅವರ ಹಿಂದ ಹೋಗತೇನಿ.”

ಅವಳು ಮುಂದಿನ ಸೀಟಿನಲ್ಲಿ ಕೂತಳು. ಟ್ರ್ಯಾಕ್ಟರಿನ ಹಿಂದೆ ನಿಧಾನ ಹೋದೆ. ಓಣಿಯ ತುದಿಯಲ್ಲಿ ಫಕ್ಕೀರಪ್ಪನ ಮನೆ. ಸೊಸೆ ಕೂಸನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಟ್ರೇಲರ್ ಹಂಪ್ಸ್ ಏರಿ ಇಳಿಯಿತು. ಆ ಕುಲುಕಿಗೆ, ತಲೆ ನೆಟ್ಟಗೆ ನಿಲ್ಲಲೆಂದು ಹಣೆಗೆ ಕಟ್ಟಿದ್ದ ಬಟ್ಟೆ ಸಡಿಲಾಯಿತೋ ಏನೋ, ಮಾವನ ತಲೆ ಆ ಬಾಗಿಲಿನ ಕಡೆ ಒಮ್ಮೆ ಆಳವಾಗಿ ಬಾಗಿತು. ಪಕ್ಕದವರು ಹಿಡಿದು ನೆಟ್ಟಗೆ ಮಾಡಿದರು.

“ಬಾಗಿದ್ರು ನೋಡು” ಎಂದಳು ಅತ್ತೆ. “ಭಾಳ ತಡಾ ಮಾಡಿದ್ರು.”

ಆಮೇಲೆ ಹಂಪ್ಸ್ ನಮ್ಮ ಮುಂದೆ ಬಂತು. ನಾನು ಗಾಡಿ ನಿಲ್ಲಿಸಿದೆ. ‘ಇಳೀರಿ’ ಎನ್ನುವವನು ಇರಲಿಲ್ಲ. ಅತ್ತೆ ತಾನೇ ಬಾಗಿಲು ತೆಗೆದು ಇಳಿದಳು.