ಅರ್ಧ ವಿಡಿಯೋ, ಕೊಳೆತ ಅವರೆ ಬೀಜ

ಅವರೆ ಬೀಜ ಕೊಳೆತಿದ್ದು ಆ ಹೆಣ್ಣುಮಗಳ ತಪ್ಪಿನಿಂದ ಅಲ್ಲ, ಕಂಪ್ಯೂಟರಿನ ತಪ್ಪಿನಿಂದಲೂ ಅಲ್ಲ. ನಾನು ಹೇಳಿದ್ದರಲ್ಲಿ ಅರ್ಧವನ್ನು ಮಾದೇವ ಕತ್ತರಿಸಿ ಎಸೆದಿದ್ದ.

ಕೆ.ಆರ್. ನಗರದ ಕಡೆಯಿಂದ ನಮ್ಮೂರು ಹನಗೋಡಿಗೆ ನನ್ನನ್ನು ಹುಡುಕಿಕೊಂಡು ಬಂದವಳು ಒಬ್ಬ ಟೀಚರಮ್ಮ. ಚೀಲ ಬಿಚ್ಚಿದಳು, ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು.

"ನಮ್ಮತ್ತೆ ಸಾಯೋ ಮುಂಚೆ ಕೊಟ್ಟ ಬೀಜ ಅಜ್ಜಿ, ಈ ತಳಿ ಬೇರೆ ಯಾರತ್ರಾನೂ ಇಲ್ಲ. ನೀವು ವಿಡಿಯೋದಲ್ಲಿ ಹೇಳಿದಂಗೇ ಹುಳ ಬೀಳದಿರಲಿ ಅಂತ ಕೆಮ್ಮಣ್ಣು ಕಲಸಿ ಹಚ್ಚಿದೆ, ಆಮೇಲೆ ಹಂಗೇ ಮಡಕೆಗೆ ತುಂಬಿಟ್ಟಿದ್ದೆ" ಅಂದಳು.

"ಒಣಗಿಸಿದ್ಯೇನವ್ವ?" ಅಂದೆ.

"ಅದನ್ನ ನೀವು ಹೇಳ್ಲೇ ಇಲ್ವಲ್ಲ!"

ಆ ವಿಡಿಯೋ ಹಿಡಿದು, ಈಮೇಲ್ ವಿಳಾಸ ಕೊಟ್ಟ ರೈತರಿಗೆಲ್ಲ ಕಳಿಸಿದವನು ಹುಣಸೂರಿನಲ್ಲಿ ಇಂಟರ್ನೆಟ್ ಅಂಗಡಿ ಇಟ್ಟಿರೋ ಮಾದೇವ. ಫೋನು ಮಾಡಿ ಬೈದೆ.

"ಪೂರ್ತಿ ವಿಡಿಯೋ ಬಲು ದೊಡ್ಡದು ಕಣಜ್ಜಿ, ಈಮೇಲಲ್ಲಿ ಹೋಗ್ಲೇ ಇಲ್ಲ. ಅದ್ಕೇ ಮೊದಲರ್ಧ ಮಾತ್ರ ಕಳಿಸ್ದೆ. ಬೀಜ ಬಿಸಿಲಲ್ಲಿ ಬಿದ್ದಿರೋದನ್ನ ಯಾರು ನೋಡ್ತಾರೆ ಬುಡು" ಅಂದ.

ನಾನೂ ಟೀಚರಮ್ಮನೂ ಮೊರಕ್ಕೆ ಸುರಿದು ಆರಿಸಿದೆವು. ಗಟ್ಟಿ ಬೀಜ ಒಂದು ಹಿಡಿ ಸಿಕ್ಕಿತು. ಒಂದು ಸಾಲು ಬಿತ್ತಿ ತಳಿ ಉಳಿಸಿಕೊಳ್ಳೋಕೆ ಅಷ್ಟು ಸಾಕು. ಅವಳು ಅತ್ತಳು. ನಾನು ಕಾಫಿ ಕೊಟ್ಟು ಬಸ್ಸು ಹತ್ತಿಸಿದೆ.

ಮಾರನೇ ಬೆಳಗ್ಗೆ ಮೊದಲ ಬಸ್ಸಿಗೇ ಹುಣಸೂರಿಗೆ ಹೋದೆ. ಮಾದೇವನ ಕ್ಯಾಮೆರಾ ಮುಂದೆ ಕೂತು, ಮಣ್ಣು ಹಚ್ಚಿದ ಬೀಜವನ್ನು ಚೆನ್ನಾಗಿ ಒಣಗಿಸಿಯೇ ಮಡಕೆಗೆ ತುಂಬಬೇಕು ಅನ್ನೋ ಒಂದೇ ಮಾತು ಹೇಳಿ ಎದ್ದೆ. ಅದು ಎಲ್ಲರಿಗೂ ಹೋಗೋ ತನಕ ಅವನ ಅಂಗಡಿ ಬಾಗಿಲಲ್ಲೇ ಕೂತಿದ್ದೆ.