ಅರ್ನೋಲಿಸನ ನೈದಿಲೆ, ಬಬುನೋನಳ ಒಣಮೀನು

ತಿಸ್ಸ ಕೆರೆಯ ನೈದಿಲೆಗಳನ್ನೆಲ್ಲ ಅರ್ನೋಲಿಸನೇ ಹೆತ್ತಿದ್ದಾನೆಂದು ನಂಬುವವರು ನಮ್ಮೂರಲ್ಲಿ ಒಬ್ಬರಿದ್ದರು. ಅದು ಅರ್ನೋಲಿಸ್. ವಿಹಾರದ ಬಾಗಿಲ ಎಡಗಡೆ ಅವನ ಹೂವಿನ ಹಲಗೆ. ನಲವತ್ತು ವರ್ಷ ಅಲ್ಲಿ ಕೂತೂ ಕೂತೂ ಕಲ್ಲು ಎಷ್ಟು ಆಳ ಸವೆದಿತ್ತೆಂದರೆ, ಮಳೆಗಾಲದಲ್ಲಿ ಆ ಗುಂಡಿಯಲ್ಲಿ ಕಪ್ಪೆಗಳು ಸಂಸಾರ ಹೂಡುತ್ತಿದ್ದವು. ಮೈಮೇಲೆ ಬಿಳಿ ಬಟ್ಟೆ, ಬಾಯಲ್ಲಿ ಧರ್ಮ, ಮೂಗು ಆಕಾಶಕ್ಕೆ. ಆ ಮೂಗನ್ನು ಒಮ್ಮೆಯೂ ಹೂವಿನ ಹತ್ತಿರ ತಂದವನಲ್ಲ. ಬುದ್ಧನಿಗೆ ಇಡುವ ಹೂವನ್ನು ನಮ್ಮಲ್ಲಿ ಯಾರೂ ಮೂಸುವುದಿಲ್ಲ, ಮೂಸಿದರೆ ಎಂಜಲು. ಹೀಗಾಗಿ ಜೀವಮಾನವೆಲ್ಲ ಹೂವು ಮಾರಿದ ಈ ಮಹಾಶಯನಿಗೆ ಹೂವಿನ ವಾಸನೆ ಹೇಗಿರುತ್ತದೆಂದೇ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಬಲಗಡೆ ಕೂರುವ ಬಬುನೋನಳ ಬುಟ್ಟಿಯ ವಾಸನೆ. ಕಿರಿಂದದ ಕಡಲಿನ ಹಾಲ್ಮಸ್ಸೊ, ಅಂದರೆ ಕಿರುಬೆರಳಿಗಿಂತ ಚಿಕ್ಕ ಬೆಳ್ಳಿಮೀನು. ಅದನ್ನು ಒಣಗಿಸಿ ಮಾರಿಯೇ ಅವಳು, ಗಂಡ ಸತ್ತ ಈ ಹತ್ತು ವರ್ಷ, ಮೂವರು ಹೆಣ್ಣುಮಕ್ಕಳನ್ನು ಸಾಕಿದ್ದಳು.

"ನೈದಿಲೆ ನೋಡಿ," ಎಂದು ಅರ್ನೋಲಿಸ್ ಗಿರಾಕಿಗಳ ತಲೆ ಕೊರೆಯುತ್ತಿದ್ದ. "ಹುಟ್ಟೋದು ಕೆಸರಲ್ಲಿ, ಮೈಗೆ ಒಂದು ಚೂರು ಅಂಟಿಸ್ಕೊಳ್ಳಲ್ಲ. ಈ ಮೀನು ನೋಡಿ. ಹುಟ್ಟಿದಾಗಿಂದ ಇಡೀ ಸಮುದ್ರದಲ್ಲಿ ಸ್ನಾನ ಮಾಡ್ತಾನೇ ಇರುತ್ತೆ. ನಾತ ಹೋಗಿದ್ಯಾ?"

ಬಬುನೋನ ತಲೆ ಎತ್ತದೆ ಮೀನು ಕೇರುತ್ತಿದ್ದಳು. "ಹಾಗಾದ್ರೆ ಇವತ್ತು ಅನ್ನಕ್ಕೆ ನೈದಿಲೇನೇ ಕಲಸ್ಕೊಂಡು ತಿನ್ನಿ ಅಯ್ಯಾ. ನಿನ್ನೆ ನಮ್ಮನೆ ಹಿತ್ತಲಿಗೆ ಬಟ್ಟಲು ಹಿಡ್ಕೊಂಡು ಬಂದಿದ್ದು ನಿಮ್ಮ ಹೆಂಡತೀನೇ ಅಲ್ವಾ?"

ಆ ಮಾತು ಚುಚ್ಚಿತು. ಅರ್ನೋಲಿಸ್ ನೆಟ್ಟಗೆ, ನಾವೆಲ್ಲ ಹಾಮುದುರು ಎಂದು ಕರೆಯುವ, ವಿಹಾರದ ದೊಡ್ಡ ಭಿಕ್ಷುವಿನ ಹತ್ತಿರ ಹೋದ. "ಹಾಮುದುರುವನೇ, ಬುದ್ಧನ ಬಾಗಿಲಲ್ಲಿ ಮೀನಿನ ನಾತ. ಅವಳನ್ನ ಎಬ್ಬಿಸಬೇಕು."

"ಹುಣ್ಣಿಮೆ ದಿನ ನಾನೇ ಬಾಗಿಲಲ್ಲಿ ನಿಂತು ನೋಡ್ತೀನಿ," ಎಂದರು ಭಿಕ್ಷು. "ಯಾರ ಕಡೆಯಿಂದ ನಾತ ಬರುತ್ತೋ ಅವರು ಜಾಗ ಬಿಡ್ಬೇಕು."

ಸುದ್ದಿ ಬಬುನೋನಳ ಕಿವಿಗೂ ಬಿತ್ತು. ಜಾಗ ಹೋದರೆ ಉಳಿಯುವುದು ಬಸ್ ನಿಲ್ದಾಣ. ಅಲ್ಲಿ ಆಗಲೇ ಹನ್ನೊಂದು ಮೀನಿನ ಬುಟ್ಟಿ. ಹುಣ್ಣಿಮೆ ನಮಗೆ ಪುಣ್ಯದಿನ, ಅಂದು ಹೇಗೂ ಮೀನು ಮಾರುವಂತಿಲ್ಲ. ಹಿಂದಿನ ಸಂಜೆಯೇ ಬುಟ್ಟಿ ಎತ್ತಿ, ತನ್ನ ಕಲ್ಲನ್ನು ನಿಂಬೆ ಹಾಕಿ ಉಜ್ಜಿ ಉಜ್ಜಿ ಅರ್ಧ ಅಂಗುಲ ಸವೆಸಿದಳು. ಮೀನಿನ ಎರಡು ಗೋಣಿಚೀಲ ಒಗೆದು ಕೆರೆ ಏರಿಯ ಬೇಲಿಗೆ ಹಾಕಿ, ಗಾಬರಿಯಲ್ಲಿ ಅಲ್ಲೇ ಮರೆತು ಹೋದಳು.

ಬೆಳಿಗ್ಗೆ ಅರ್ನೋಲಿಸ್ ಹಬ್ಬಕ್ಕೆಂದು ನಾಲ್ಕು ಪಟ್ಟು ಹೂವು ಕೊಯ್ದ. ಬಾಡದಂತೆ ಮುಚ್ಚಲು ಒದ್ದೆ ಗೋಣಿ ಸಾಲಲಿಲ್ಲ. ಬೇಲಿಯ ಮೇಲಿದ್ದ ಚೀಲಗಳನ್ನು ಎಳೆದು, ಕೆರೆಯಲ್ಲಿ ಅದ್ದಿ ಹೊದಿಸಿದ. ಯಾರದೆಂದು ಕೇಳುವ ದುರಭ್ಯಾಸ ಅವನಿಗಿರಲಿಲ್ಲ. ಬಾಗಿಲಿಗೆ ಬಂದು ಕೂತಾಗ ನಾತವೇನೋ ಬಂತು, ಬಲಗಡೆಯಿಂದಲೇ ಬಂತೆಂದು ಅವನ ಮೂಗು ಹತ್ತು ವರ್ಷದ ರೂಢಿಯಂತೆ ತೀರ್ಪು ಕೊಟ್ಟಿತು.

ಜನ ಹೂವು ಕೊಂಡರು. ಯಾರೂ ಮೂಸಲಿಲ್ಲ. ಆದರೆ ಬೆಕ್ಕುಗಳಿಗೆ ಆ ನೇಮ ಇಲ್ಲವಲ್ಲ. ಏಳೂರಿನ ಬೆಕ್ಕುಗಳು ಬಾಲ ಎತ್ತಿಕೊಂಡು ಹೂವಿನ ತಟ್ಟೆಗಳ ಹಿಂದೆ ಸಾಲುಗಟ್ಟಿದವು. ಅವುಗಳಲ್ಲಿ ಎರಡು ಬಸ್ಸಿಳಿದು ಬಂದದ್ದನ್ನು ನಾನೇ ಕಂಡೆ.

ಭಿಕ್ಷು ಹಲಗೆಯ ಮುಂದೆ ನಿಂತರು. "ಉಪಾಸಕರೇ, ಬಬುನೋನ ಇಲ್ಲ, ಬುಟ್ಟಿ ಇಲ್ಲ. ಈ ಬೆಕ್ಕುಗಳೇನು ಪಂಚಶೀಲ ತಗೊಳ್ಳೋಕೆ ಬಂದಿವೆಯಾ?"

"ನೈದಿಲೆ ನಾರಲ್ಲ, ಹಾಮುದುರುವನೇ."

"ಮೂಸಿ ನೋಡಿ."

"ಪೂಜೆ ಹೂವು. ಮೂಸಬಾರದು."

"ಇದನ್ನಿನ್ನು ಪೂಜೆಗೆ ಇಡಲ್ಲ. ಮೂಸಿ."

ಮೂಸಿದ. ನಲವತ್ತು ವರ್ಷದಲ್ಲಿ ಮೊದಲನೇ ಹೂವು. ಮುಖ ಒಣಮೀನಿನಂತೆಯೇ ಮುರುಟಿತು.

ಈಗ ಅವನ ಹಲಗೆ ಬಸ್ ನಿಲ್ದಾಣದಲ್ಲಿದೆ, ಹನ್ನೊಂದು ಬುಟ್ಟಿಗಳ ನಡುವೆ. ಮರುದಿನವೇ ಬಬುನೋನ ತನ್ನ ಚೀಲ ಕೇಳಲು ಅಲ್ಲಿಗೆ ಹೋಗಿದ್ದಳು. ಅವನು ಅವಳ ಮುಂದೆ ಎಸೆದ.

"ಹಾಗೇ ಕೊಡ್ಬೇಡಿ ಅಯ್ಯಾ, ಚೆನ್ನಾಗಿ ಒಗೆದು ಕೊಡಿ," ಎಂದಳು. "ನೈದಿಲೆ ವಾಸನೆ ಹತ್ಕೊಂಡಿದ್ರೆ ನನ್ನ ಮೀನು ಯಾರೂ ಮುಟ್ಟಲ್ಲ."